ಫಾರಮಣ್ಣನಿಗೆ ಬೇಕಾದ ನಲವತ್ತು ಬಾಯಿ

"ಅಮ್ಮಾ, ಫಾರಂ ಮಾವನಿಗೆ ಒಂದೇ ಕೆನ್ನೆ ಇರೋದಾ?"

ಮಗಳು ಇದನ್ನು ಕೇಳಿದಾಗ ನಾನು ಅವಳಿಗೆ ಜಡೆ ಹಾಕುತ್ತಿದ್ದೆ. ಬಾಯಲ್ಲಿ ಎರಡು ಪಿನ್ನು, ಕೈಯಲ್ಲಿ ರಿಬ್ಬನ್ನು, ಒಲೆಯ ಮೇಲೆ ಉಕ್ಕಲು ಹೊಂಚು ಹಾಕುತ್ತಿದ್ದ ಹಾಲು. ಅವಳಿಗೆ ಲೋಕದ ಪ್ರಶ್ನೆಗಳೆಲ್ಲ ಹೊಳೆಯುವುದು ಇಂಥ ಹೊತ್ತಿನಲ್ಲೇ.

"ಎರಡಿದೆಯಲ್ಲೇ," ಎಂದೆ ಪಿನ್ನುಗಳ ಸಂದಿಯಿಂದ.

"ಮತ್ತೆ ಬಿಸ್ಕತ್ತು ಯಾಕೆ ಒಂದೇ ಕಡೆ ಹೋಗತ್ತೆ? ಬಲಗಡೆ ಕೆನ್ನೆ ಕೆಲಸ ಮಾಡತ್ತೆ, ಎಡಗಡೇದು ಸುಮ್ನೆ ಕೂತಿರತ್ತೆ."

"ಅದಕ್ಕೆ ರಜೆ ಇರಬಹುದು."

"ಎಷ್ಟು ದಿನ? ಎಷ್ಟನೇ ಪುಟದಲ್ಲಿದೆ?"

ಐದು ವರ್ಷದ ಮಗು ರಜೆಯ ಪುಟಸಂಖ್ಯೆ ಕೇಳಬಾರದು ಎಂದು ನನಗೂ ಗೊತ್ತು. ಆದರೆ ಅವಳು ಬೆಳೆಯುತ್ತಿರುವುದು ನಮ್ಮ ಹಾಸಿಗೆ ಕಾರ್ಖಾನೆಯ ಮಕ್ಕಳ ಕೋಣೆಯಲ್ಲಿ. ನಾವು ತಾಯಂದಿರು ಹೊಲಿಗೆ ವಿಭಾಗದಲ್ಲಿ ಇರುವಷ್ಟು ಹೊತ್ತು ಮಕ್ಕಳು ಅಲ್ಲಿರುತ್ತವೆ. ದಿನಾ ಹನ್ನೊಂದಕ್ಕೆ ಫಾರಮಣ್ಣ ಅಲ್ಲಿಗೆ ಬರುತ್ತಾರೆ. ತೊಟ್ಟಿಲುಗಳನ್ನು ಎಣಿಸುತ್ತಾರೆ, ಕಿಟಕಿಯ ಚಿಲಕ ಅಲ್ಲಾಡಿಸಿ ನೋಡುತ್ತಾರೆ, ಮಕ್ಕಳ ಜೊತೆ ನೆಲದ ಮೇಲೆ ಕೂತು ಒಂದು ಬಿಸ್ಕತ್ತು ತಿನ್ನುತ್ತಾರೆ, ಆಮೇಲೆ "ಪುಟ ಹದಿನಾಲ್ಕು, ಎಲ್ಲಾ ಸರಿಯಿದೆ" ಎಂದು ತಮಗೇ ಹೇಳಿಕೊಂಡು ಎದ್ದು ಹೋಗುತ್ತಾರೆ. ಪುಟ ಹದಿನಾಲ್ಕು ಎಂದರೆ ನೌಕರರ ಸವಲತ್ತುಗಳ ಹಸಿರು ಪುಸ್ತಕದಲ್ಲಿ ಮಕ್ಕಳ ಕೋಣೆಯ ವಿಷಯ ಇರುವ ಪುಟ. ಅರವತ್ತನಾಲ್ಕು ಪುಟದ ಆ ಪುಸ್ತಕವನ್ನು ಇಡೀ ಕಾರ್ಖಾನೆಯಲ್ಲಿ ಓದಿದವರು ಅವರೊಬ್ಬರೇ. ಉಳಿದ ಇನ್ನೂರು ಜನ ಅದನ್ನು ಕಾಲು ಅಲ್ಲಾಡುವ ಮೇಜಿನ ಕೆಳಗೆ ಇಟ್ಟಿದ್ದೇವೆ.

ಅವರ ಕೋಣೆಯ ಹೊರಗಿನ ಫಲಕದಲ್ಲಿ ಹುದ್ದೆಯ ಹೆಸರು ಪೂರ್ತಿ ಇದೆ: ನೌಕರರ ಸವಲತ್ತು ಯೋಜನೆಗಳ ಆಡಳಿತಾಧಿಕಾರಿ. ಅಷ್ಟುದ್ದದ ಹೆಸರು ಕೂಗಿ ಮುಗಿಸುವಷ್ಟರಲ್ಲಿ ಊಟದ ವಿರಾಮ ಮುಗಿದಿರುತ್ತದೆ. ಹಾಗಾಗಿ ಅವರು ಎಲ್ಲರಿಗೂ ಫಾರಮಣ್ಣ. ಏನು ಕೇಳಿದರೂ ಅವರ ಬಳಿ ಒಂದು ಫಾರಂ ಇರುತ್ತದೆ. ಜ್ವರಕ್ಕೆ ನೀಲಿ, ಕನ್ನಡಕಕ್ಕೆ ಹಳದಿ, ಹೆರಿಗೆಗೆ ಗುಲಾಬಿ, ಮನೆಯಲ್ಲಿ ಯಾರಾದರೂ ಹೆಚ್ಚಾದರೆ ಅಥವಾ ಕಡಿಮೆಯಾದರೆ ಬಿಳಿ.

ಆ ಗುಲಾಬಿ ಫಾರಮ್ಮಿನಿಂದಲೇ ನನಗೆ ಅವರು ಸರಿಯಾಗಿ ಪರಿಚಯವಾದದ್ದು. ಮಗಳು ಹೊಟ್ಟೆಯಲ್ಲಿದ್ದಾಳೆ ಎಂದು ಗೊತ್ತಾದ ದಿನ ನಾನು ಗಂಡನಿಗೂ ಹೇಳಿರಲಿಲ್ಲ, ಅತ್ತೆಗೂ ಹೇಳಿರಲಿಲ್ಲ. ಮೊದಲು ರಜೆ ಎಷ್ಟು ಸಿಗುತ್ತದೆ ಎಂದು ಖಾತ್ರಿ ಮಾಡಿಕೊಂಡು ಆಮೇಲೆ ಸಂತೋಷಪಡೋಣ ಎಂದು ಅವರ ಕೋಣೆಗೆ ಹೋದೆ.

"ಅಣ್ಣಾ, ಯಾರಿಗಾದ್ರೂ... ಅಂದ್ರೆ ನನ್ನ ಸ್ನೇಹಿತೆ ಒಬ್ಬಳಿಗೆ... ಮಗು ಆಗೋದಿದ್ರೆ..."

ಅವರು ತಲೆ ಎತ್ತದೆ ಗುಲಾಬಿ ಕಾಗದವೊಂದನ್ನು ನನ್ನ ಕಡೆ ಸರಿಸಿದರು. "ಸ್ನೇಹಿತೆಗಾದ್ರೆ ಇದು ಮಾಹಿತಿಗೆ. ನಿಮಗಾದ್ರೆ ಅಭಿನಂದನೆ, ತಾಯಿ. ಮಾಳಿಗೆ ಮೆಟ್ಟಿಲು ಇನ್ಮೇಲೆ ಹತ್ತಬೇಡಿ, ಕೆಳಗಿನಿಂದಲೇ ಕೂಗಿ, ನಾನೇ ಇಳಿದು ಬರ್ತೀನಿ."

ಇಂಥ ಸುದ್ದಿಗಳೆಲ್ಲ ಮೊದಲು ಅವರಿಗೇ ಗೊತ್ತಾಗುವುದು. ಯಾರು ಯಾರನ್ನು ಗುಟ್ಟಾಗಿ ಮದುವೆಯಾದರು, ಯಾರ ನಾಮಿನಿ ಫಾರಮ್ಮಿನಲ್ಲಿ ಹೆಂಡತಿಯ ಹೆಸರು ಹೋಗಿ ಅಕ್ಕನ ಹೆಸರು ಬಂತು, ಮುಂದಿನ ವಾರ ಮತ್ತೆ ಹೆಂಡತಿಯ ಹೆಸರು ಬಂತು, ಯಾವ ಗಂಡಸು ಕಿವಿಯ ಯಂತ್ರಕ್ಕೆ ಅರ್ಜಿ ಹಾಕಿ ಹೆಂಡತಿಗೆ ಹೇಳದೆ ಇದ್ದಾನೆ, ಎಲ್ಲವೂ ಅವರ ಕಪಾಟಿನಲ್ಲಿದೆ. ಒಂದು ಪಿಸುಮಾತೂ ಹೊರಗೆ ಬಂದಿಲ್ಲ. ಗೇಟಿನ ಕಾವಲುಗಾರ ಒಮ್ಮೆ ಚಹಾ ಕುಡಿಸಿ ಬಾಯಿ ಬಿಡಿಸಲು ನೋಡಿದನಂತೆ. ಮೂರು ಲೋಟ ಚಹಾ ಮುಗಿದ ಮೇಲೆ ಫಾರಮಣ್ಣ ಹೇಳಿದ್ದು ಇಷ್ಟೇ: "ನಿಮ್ಮ ಕನ್ನಡಕ ತಗೊಂಡು ಎರಡು ವರ್ಷ ಆಯ್ತು. ಹೊಸದು ತಗೋಬಹುದು. ಪುಟ ಇಪ್ಪತ್ತೆರಡು."

ಮಗಳು ಹುಟ್ಟಿದ ಇಪ್ಪತ್ತೊಂಬತ್ತನೆಯ ದಿನ ಅವರು ನಮ್ಮ ಮನೆಗೇ ಬಂದರು. ಒಂದು ಕೈಯಲ್ಲಿ ಮಗುವಿಗೆ ಬಟ್ಟೆಯ ಆನೆ, ಹಾಸಿಗೆಯ ಬಟ್ಟೆಯ ಚೂರುಗಳಲ್ಲಿ ಹೊಲಿಸಿದ್ದು. ಇನ್ನೊಂದು ಕೈಯಲ್ಲಿ ಬಿಳಿ ಫಾರಂ. ಮೂವತ್ತು ದಿನದೊಳಗೆ ಮಗುವಿನ ಹೆಸರು ಸೇರಿಸದಿದ್ದರೆ ಅದಕ್ಕೆ ಆ ವರ್ಷ ಆಸ್ಪತ್ರೆಯ ಸವಲತ್ತು ಇಲ್ಲ. ನಮ್ಮಲ್ಲಿ ಹೆಸರೇ ತೀರ್ಮಾನವಾಗಿರಲಿಲ್ಲ. ಅತ್ತೆಗೊಂದು ಹೆಸರು, ನನಗೊಂದು ಹೆಸರು, ಗಂಡನಿಗೆ ಎರಡೂ ಹೆಸರು ಕಿವಿಗೆ ಬೀಳದಷ್ಟು ನಿದ್ದೆ. ಫಾರಮಣ್ಣ ಕುರ್ಚಿಯ ತುದಿಯಲ್ಲಿ ಕೂತು, ಪೆನ್ನಿನ ಮುಚ್ಚಳ ತೆಗೆದು, ಒಂದೂವರೆ ಗಂಟೆ ಕಾದರು. ಕೊನೆಗೆ ಅತ್ತೆ ಆರಿಸಿದ ಹೆಸರನ್ನು ಪೆನ್ಸಿಲ್ಲಿನಲ್ಲಿ ಬರೆದು ನೋಡಿದರು. ಅದು ಚೌಕಗಳನ್ನು ದಾಟಿ ಪಕ್ಕದ ರಕ್ತದ ಗುಂಪಿನ ಕಾಲಂಗೆ ನುಗ್ಗಿತು.

"ಅಮ್ಮಾ, ಹೆಸರು ಬಹಳ ಚೆನ್ನಾಗಿದೆ," ಎಂದರು ಅತ್ತೆಗೆ. "ಆದ್ರೆ ಮಗು ಜೀವನಪೂರ್ತಿ ಫಾರಂ ತುಂಬಬೇಕಲ್ಲ, ಪಾಪ."

ಅತ್ತೆ ಮಗುವಿನ ಮುಖ ನೋಡಿದರು, ಚೌಕಗಳನ್ನು ನೋಡಿದರು, ಸೋತರು. ನಾನು ಗೆದ್ದೆ. ಆ ಉಪಕಾರವನ್ನು ನಾನು ಮರೆತಿಲ್ಲ. ಮಗಳು ಆ ಆನೆಯನ್ನು ಮರೆತಿಲ್ಲ. ಈಗಲೂ ಅದು ಹಗಲಿರುಳು ಅವಳ ಬಲಗೈಯಲ್ಲೇ ಇರುತ್ತದೆ. ಸೊಂಡಿಲು ಎರಡು ಸಲ ಬದಲಾಗಿದೆ.

ಇನ್ನು ಈ ವರ್ಷದ ಹಲ್ಲಿನ ಕಥೆ.

ವರ್ಷ ಮುಗಿಯಲು ಎರಡು ತಿಂಗಳಿದೆ ಎನ್ನುವಾಗ ವಿಮಾ ಕಂಪನಿಯಿಂದ ಕಾಗದ ಬಂತು. ಪುಟ ಮೂವತ್ತೊಂದರಲ್ಲಿರುವ ಹಲ್ಲಿನ ಸವಲತ್ತನ್ನು ಕಳೆದ ವರ್ಷ ಇಬ್ಬರೇ ಬಳಸಿದ್ದಾರೆ, ಈ ವರ್ಷ ಕನಿಷ್ಠ ನಲವತ್ತು ಸದಸ್ಯರು ಹಲ್ಲಿನ ತಪಾಸಣೆ ಮಾಡಿಸಿಕೊಳ್ಳದಿದ್ದರೆ ಮುಂದಿನ ವರ್ಷದಿಂದ ಆ ಪುಟವನ್ನೇ ತೆಗೆಯಲಾಗುವುದು ಎಂದು. ಪುಸ್ತಕದಿಂದ ಒಂದು ಪುಟ ಹೋಗುವುದೆಂದರೆ ಫಾರಮಣ್ಣನಿಗೆ ಮೈಯಿಂದ ಒಂದು ಪಕ್ಕೆಲುಬು ಹೋದ ಹಾಗೆ. ಆದರೆ ಅವರ ನಿಜವಾದ ಚಿಂತೆ ದೊಡ್ಡಕ್ಕನದು.

ದೊಡ್ಡಕ್ಕ ನಮ್ಮ ಹೊಲಿಗೆ ವಿಭಾಗದ ಹಿರಿಯಳು. ಹಾಸಿಗೆಯ ಅಂಚು ಹೊಲಿಯುವ ದಾರ ದಪ್ಪ, ಮೇಣ ಹಚ್ಚಿದ್ದು. ಕತ್ತರಿಸಲು ಪ್ರತಿ ಯಂತ್ರಕ್ಕೂ ಒಂದೊಂದು ಕತ್ತರಿ ಕಟ್ಟಿದ್ದಾರೆ. ಆದರೆ ಕತ್ತರಿಗೆ ಕೈ ಚಾಚಬೇಕು, ಹಲ್ಲು ಬಾಯಲ್ಲೇ ಇದೆ. ಮೂವತ್ತು ವರ್ಷ ಹೀಗೆ ದಾರ ಕಚ್ಚಿ ಕಚ್ಚಿ ದೊಡ್ಡಕ್ಕನಿಗೆ ಈಗ ಉಳಿದಿರುವುದು ಐದು ಹಲ್ಲು. ಮೇಲೆ ಎರಡು, ಕೆಳಗೆ ಮೂರು, ಒಂದಕ್ಕೊಂದು ಪರಿಚಯವಿಲ್ಲ. ಆ ಐದರಲ್ಲೂ ಅವಳು ದಾರ ಕಚ್ಚುತ್ತಾಳೆ. ಅವಳ ಹಲ್ಲಿನ ಸೆಟ್ಟಿಗೆ ಫಾರಮಣ್ಣ ಮೂರು ವರ್ಷ ಕಾಗದ ಓಡಿಸಿದ್ದರು. ಮೊದಲು ಆ ಅರ್ಜಿ, ಇದು ಕೆಲಸದಿಂದ ಆದ ಪೆಟ್ಟು, ನಮಗೆ ಸೇರಿದ್ದಲ್ಲ ಎಂದು ವಾಪಸು ಬಂತು. ಕೆಲಸದ ಪೆಟ್ಟಿನ ವಿಭಾಗಕ್ಕೆ ಕಳಿಸಿದರೆ, ಹಲ್ಲು ಕಾರ್ಖಾನೆಯ ಉಪಕರಣವಲ್ಲ ಎಂದು ಅಲ್ಲಿಂದಲೂ ವಾಪಸು. "ನಮ್ಮ ವಿಭಾಗಕ್ಕೆ ಬಂದು ನೋಡಿ ಆಮೇಲೆ ಹೇಳಿ" ಎಂದು ಫಾರಮಣ್ಣ ಎರಡು ಪುಟ ಬರೆದ ಮೇಲೆ ಕೊನೆಗೂ ಮಂಜೂರಾಯಿತು: ಹೊಸ ವರ್ಷದ ಮೊದಲ ತಿಂಗಳಲ್ಲಿ ಸೆಟ್ಟು. ಆ ಪುಟ ಹೋದರೆ ಸೆಟ್ಟೂ ಹೋಯಿತು.

ಮಂಜೂರಾದ ದಿನ ದೊಡ್ಡಕ್ಕ ಒಂದು ಸೀಸೆ ತುಂಬ ಹುರಿದ ಕಡಲೆಕಾಯಿ ತಂದು ತನ್ನ ಯಂತ್ರದ ಕೆಳಗೆ ಇಟ್ಟಳು. "ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರಲ್ಲ. ನಂಗೆ ಎರಡೂ ಒಟ್ಟಿಗೆ ಬರ್ತಿದೆ, ನೋಡ್ತಿರಿ," ಎಂದಳು. ತಿಂಗಳಿಗೊಮ್ಮೆ ಹಳೆಯದನ್ನು ನಮಗೆ ಹಂಚಿ ಹೊಸದು ತುಂಬುತ್ತಾಳೆ. ನಾವು ತಿನ್ನುವಾಗ ನಮ್ಮ ಬಾಯನ್ನೇ ನೋಡುತ್ತಾಳೆ, ಪಾಪ.

ಫಾರಮಣ್ಣ ಊಟದ ಕೋಣೆಯ ಗೋಡೆಗೆ ನೋಟೀಸು ಅಂಟಿಸಿದರು. ಸದಸ್ಯರು ಹಾಗೂ ಅವರ ಅವಲಂಬಿತರು ಉಚಿತವಾಗಿ ಹಲ್ಲು ತೋರಿಸಿಕೊಳ್ಳಬಹುದು, ದಯವಿಟ್ಟು ಎಲ್ಲರೂ ಸಹಕರಿಸಿ ಎಂದು. ನಾವು ಸಹಕರಿಸಿದೆವು. ಆರು ವಾರದಲ್ಲಿ ದಂತ ವೈದ್ಯೆಯ ಬಳಿಯಿಂದ ಅರವತ್ತಮೂರು ಚೀಟಿ ಬಂದವು. ಅಷ್ಟು ಸುಲಭವಾಗಿ ಗೆದ್ದೆವಲ್ಲ ಎಂದು ಎಲ್ಲರೂ ಬೀಗಿದೆವು. ಒಂದು ಮಧ್ಯಾಹ್ನ ಫಾರಮಣ್ಣ ಚೀಟಿಗಳ ಕಟ್ಟು ಹಿಡಿದು ಊಟದ ಕೋಣೆಗೆ ಬಂದು ನಿಂತರು. ಮುಖ ಬಿಳಿ ಫಾರಮ್ಮಿನ ಹಾಗಿತ್ತು.

"ಓದ್ತೀನಿ, ಕೇಳಿ," ಎಂದರು. "ಹೊಲಿಗೆ ವಿಭಾಗ. ಬಂದವರು: ಅತ್ತೆ. ಸ್ಪ್ರಿಂಗ್ ವಿಭಾಗ. ಬಂದವರು: ಮಗ. ಹೊಲಿಗೆ: ಅತ್ತೆ. ಹೊಲಿಗೆ: ಅತ್ತೆ. ಹತ್ತಿ ವಿಭಾಗ: ಮಾವ. ಹೊಲಿಗೆ: ಅತ್ತೆ, ಮತ್ತೆ ಮಗಳು."

ಕೊನೆಯದು ನನ್ನದು. ನಾನು ತಟ್ಟೆಯ ಕಡೆ ನೋಡಿದೆ.

"ಅರವತ್ತಮೂರರಲ್ಲಿ ಇಪ್ಪತ್ತಾರು ಅತ್ತೆಯರು! ಡಾಕ್ಟರಮ್ಮ ಫೋನ್ ಮಾಡಿ ಕೇಳ್ತಾರೆ, ಏನ್ರೀ, ನಿಮ್ಮ ಕಾರ್ಖಾನೆಯಲ್ಲಿ ಎಂಬತ್ತರ ಕೆಳಗೆ ಯಾರೂ ಕೆಲಸ ಮಾಡಲ್ವಾ, ಬಂದವರಲ್ಲಿ ಅರ್ಧ ಜನಕ್ಕೆ ಹಲ್ಲೇ ಇಲ್ಲ, ನಾನು ಏನನ್ನ ತಪಾಸಣೆ ಮಾಡ್ಲಿ, ಅಂತ. ಲೆಕ್ಕಕ್ಕೆ ಬೇಕಾಗಿರೋದು ಸದಸ್ಯರು. ಅಂದ್ರೆ ನೀವು. ನಿಮ್ಮ ಬಾಯಿ. ಒಂಬತ್ತು ಜನ ಮಾತ್ರ ತಾವೇ ಹೋಗಿದ್ದೀರಿ."

"ಹಿರಿಯರಿಗೆ ಮೊದಲು ಅಂತ ಗೌರವ ಕೊಟ್ವಿ, ಅಣ್ಣಾ," ಎಂದಳು ನನ್ನ ಪಕ್ಕದವಳು.

"ಗೌರವ ಕೊಡೋಕೆ ಹಲ್ಲು ಕೀಳೋ ಜಾಗಾನೇ ಬೇಕಿತ್ತಾ, ತಾಯಿ?"

ಇಡೀ ಕೋಣೆ ನಕ್ಕಿತು. ದೊಡ್ಡಕ್ಕ ಮಾತ್ರ ನಗಲಿಲ್ಲ. "ಇನ್ನೆಷ್ಟು ದಿನ ಇದೆ?" ಎಂದು ಕೇಳಿದಳು. ಎರಡು ವಾರ. "ಇನ್ನೆಷ್ಟು ಬಾಯಿ?" ಮೂವತ್ತೊಂದು. ಅವಳು ಎದ್ದು ಕೈ ತೊಳೆದುಕೊಂಡು, "ನಡೀರಿ, ಮೊದಲು ನಂದು," ಎಂದಳು. "ಐದಿದ್ರೂ ಬಾಯಿ ಬಾಯೇ ತಾನೇ?"

ಅವತ್ತು ಸಂಜೆಯೇ ದೊಡ್ಡಕ್ಕನ ಜೊತೆ ನಾನೂ ಹೋದೆ. ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಅವಳಿಗೆ ಅಲ್ಲಿ ಆಗಲೇ ಸಲಿಗೆ. ಮೊದಲ ಸಲ ಬಂದಾಗಲೇ ಕುರ್ಚಿಯನ್ನು ಏಳು ಸಲ ಏರಿಸಿ ಇಳಿಸಿಕೊಂಡು, ಡಾಕ್ಟರಮ್ಮನಿಗೆ ಆನೆಯ ಬಾಯನ್ನೂ ತೋರಿಸಿ ಬಂದವಳು. ಈಗ ಕಾಯುವ ಕೋಣೆಯಲ್ಲಿ ನಡುಗುತ್ತ ಕೂತಿದ್ದ ಒಬ್ಬ ಗಡ್ಡದವರ ಮಂಡಿಯ ಮೇಲೆ ಕೈಯಿಟ್ಟು, "ಏನೂ ಆಗಲ್ಲ ಮಾವ, ನೀವು ಚಾವಣಿಯಲ್ಲಿರೋ ಮೀನಿನ ಚಿತ್ರ ಎಣಿಸ್ತಾ ಇರಿ. ಹದಿನಾರಿದೆ," ಎಂದಳು. ಆ ಮನುಷ್ಯ ಹಾಗೇ ಮಾಡಿದರಂತೆ. ಹೊರಗೆ ಬಂದು "ಹದಿನೇಳು" ಎಂದು ತಿದ್ದಿ ಹೋದರು.

ಡಾಕ್ಟರಮ್ಮ ನನ್ನ ಬಾಯೊಳಗೆ ಬೆಳಕು ಬಿಟ್ಟು, ಮುಂದಿನ ಹಲ್ಲಿನ ತುದಿಯಲ್ಲಿ ದಾರ ಕೊರೆದ ಸಣ್ಣ ಕಚ್ಚನ್ನು ಮುಟ್ಟಿ, "ಹೊಲಿಗೆ ವಿಭಾಗ," ಎಂದರು. "ಸ್ಪ್ರಿಂಗ್ ವಿಭಾಗದವರಿಗೆ ದವಡೆ ಹಲ್ಲು ಸವೆದಿರತ್ತೆ, ಹಲ್ಲು ಕಚ್ಚಿ ತಂತಿ ಬಗ್ಗಿಸ್ತಾರಲ್ಲ. ಇನ್ಮೇಲೆ ಕತ್ತರಿ ಉಪಯೋಗಿಸ್ತೀರಾ?"

"ಖಂಡಿತ, ಡಾಕ್ಟರಮ್ಮ."

ಅಷ್ಟರಲ್ಲಿ ಹಿಂದಿನಿಂದ ಕಟ್ ಎಂದು ಒಂದು ಸದ್ದು. ತಿರುಗಿ ನೋಡಿದರೆ ದೊಡ್ಡಕ್ಕ. ಪಕ್ಕದ ಕುರ್ಚಿಯ ಹೊದಿಕೆ ಅಂಚಿನಲ್ಲಿ ಹೊಲಿಗೆ ಬಿಟ್ಟಿದ್ದನ್ನು ನೋಡಿ ಅವಳಿಗೆ ತಡೆಯಲಾಗಿರಲಿಲ್ಲ. ಸೆರಗಿನಲ್ಲಿ ಸಿಕ್ಕಿಸಿಕೊಂಡಿದ್ದ ಸೂಜಿ ತೆಗೆದು, ನಾಲ್ಕು ಹೊಲಿಗೆ ಹಾಕಿ, ದಂತ ವೈದ್ಯೆಯ ಕಣ್ಣೆದುರಿಗೇ ಉಳಿದ ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿದ್ದಳು. ಡಾಕ್ಟರಮ್ಮ ಬೆಳಕನ್ನು ಆರಿಸಿದರು.

ಆಮೇಲೆ ಹೋದವರೆಲ್ಲರದೂ ಇದೇ ಕಥೆ. ಹಾಸಿಗೆ ಮಾಡುವವರು ಎಲ್ಲಿ ಹೋದರೂ ಮೊದಲು ಕೂರುವ ಜಾಗವನ್ನು ಒತ್ತಿ ನೋಡುತ್ತಾರೆ. ಹಲ್ಲು ಹೇಗಿದೆಯಂತೆ ಎಂದು ಕೇಳಿದರೆ, "ಹಲ್ಲು ಬಿಡಿ, ಕುರ್ಚಿಗೆ ಹಾಕಿರೋದು ಬರೀ ಎರಡಿಂಚು ಫೋಮು. ಅದೂ ಕಡಿಮೆ ದರ್ಜೇದು," ಎಂದು ಉತ್ತರ ಬರುತ್ತಿತ್ತು. ಹೊಲಿಗೆ ವಿಭಾಗದಿಂದ ಹದಿನೈದು ಜನ ಹೋದೆವು. ಹತ್ತಿ ವಿಭಾಗದಿಂದ ಎಂಟು. ಕಾವಲುಗಾರ ಹೊಸ ಕನ್ನಡಕ ಹಾಕಿಕೊಂಡು ಹೋಗಿ ಬಂದ. ತೊಡಕಾದದ್ದು ಸ್ಪ್ರಿಂಗ್ ವಿಭಾಗದಲ್ಲಿ.

ಅಲ್ಲಿ ಮೇಸ್ತ್ರಿ ಎಂಬಾತ ಇದ್ದಾನೆ. ಬರಿಗೈಯಲ್ಲಿ ಉಕ್ಕಿನ ತಂತಿ ಸುತ್ತುವವನು, ಎರಡು ಹಾಸಿಗೆಯನ್ನು ಒಂದೇ ಭುಜದ ಮೇಲೆ ಹೊರುವವನು. ದಂತ ವೈದ್ಯೆಯ ಹೆಸರೆತ್ತಿದರೆ ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದ. ಅವನು ಹೋಗದೆ ಅವನ ಕೈಕೆಳಗಿನವರು ಯಾರೂ ಹೋಗಲೊಲ್ಲರು. ಫಾರಮಣ್ಣ ಶೌಚಾಲಯದ ಬಾಗಿಲ ಹೊರಗೆ ನಿಂತು ಪುಟ ಮೂವತ್ತೊಂದನ್ನು ಗಟ್ಟಿಯಾಗಿ ಓದಿದರು. ನಾವೆಲ್ಲ ಯಂತ್ರ ನಿಲ್ಲಿಸಿ ನೋಡಲು ಬಂದೆವು.

"ಓದಿದ್ದು ಸಾಕು!" ಒಳಗಿನಿಂದ ಮೇಸ್ತ್ರಿ ಕೂಗಿದ. "ಅಷ್ಟು ಚೆನ್ನಾಗಿದ್ರೆ ನೀವು ಹೋಗಿ ಬಂದ್ರಾ?"

ಫಾರಮಣ್ಣ ಓದುವುದನ್ನು ನಿಲ್ಲಿಸಿದರು. ಪುಟ ತಿರುಗಿಸಿದರು, ಮತ್ತೆ ಹಿಂದಕ್ಕೆ ತಿರುಗಿಸಿದರು. ಅವರ ಕೈ ಎಡಗಡೆ ಕೆನ್ನೆಯ ಮೇಲೆ ಹೋಗಿ ಬಂತು. ನಾನು ಅದನ್ನು ಅವತ್ತು ನೋಡಿದೆ, ಅರ್ಥ ಮಾತ್ರ ಮಾಡಿಕೊಳ್ಳಲಿಲ್ಲ.

"ಹಡಗು ಮುಳುಗುವಾಗ," ಎಂದರು ಕೊನೆಗೆ, "ಕ್ಯಾಪ್ಟನ್ ಯಾವಾಗ ಇಳೀತಾನೆ?"

"ಕೊನೆಗೆ," ಎಂದ ಮೇಸ್ತ್ರಿ, ಚಿಲಕದ ಆಚೆಯಿಂದ.

"ಆಡಳಿತಾಧಿಕಾರಿನೂ ಹಾಗೇ. ಮೂವತ್ತೊಂಬತ್ತು ಜನರನ್ನ ದಡ ಸೇರಿಸಿ ನಲವತ್ತನೆಯವನಾಗಿ ನಾನು ಹೋಗ್ತೀನಿ. ಮಾತು ಅಂದ್ರೆ ಮಾತು. ಈಗ ಹೊರಗೆ ಬಾರಪ್ಪ, ಬೇರೆಯವರಿಗೂ ಅರ್ಜೆಂಟ್ ಇರತ್ತೆ."

ಬಾಗಿಲು ತೆರೆಯಿತು. ಮೇಸ್ತ್ರಿ ಮರುದಿನ ಹೋದ. ಎರಡು ಗಂಟೆಯಾದರೂ ಬರದಿದ್ದಾಗ ನಮಗೆ ಭಯವಾಯಿತು. ಬಂದವನ ಕೈಯೆಲ್ಲ ಗ್ರೀಸು. ಕುರ್ಚಿ ಏರುವಾಗ ಕಿರುಗುಟ್ಟಿತಂತೆ. ಬಾಯಿ ತೆಗೆಯಲು ಒಪ್ಪಬೇಕಾದರೆ ಮೊದಲು ಅದರ ಸ್ಪ್ರಿಂಗ್ ಸರಿಮಾಡಲು ಬಿಡಬೇಕು ಎಂದು ಕರಾರು ಹಾಕಿದನಂತೆ. "ಈಗ ಬೆಣ್ಣೆ ಹಾಗೆ ಏರತ್ತೆ," ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ. ಅವನ ಹಿಂದೆಯೇ ಅವನ ಹುಡುಗರು ಐದು ಜನ ಹೋದರು, ಹಲ್ಲಿಗಿಂತ ಹೆಚ್ಚಾಗಿ ಆ ಸ್ಪ್ರಿಂಗ್ ನೋಡಲು.

ಹೀಗೆ ವರ್ಷದ ಕೊನೆಯ ಕೆಲಸದ ದಿನಕ್ಕೆ ಮೂವತ್ತೊಂಬತ್ತು ಆಯಿತು. ಮರುದಿನ ಕಾರ್ಖಾನೆಗೆ ರಜೆ, ಆದರೆ ಡಾಕ್ಟರಮ್ಮ ಮಧ್ಯಾಹ್ನದವರೆಗೆ ಬಾಗಿಲು ತೆರೆದಿರುತ್ತಾರೆ. ಬೆಳಿಗ್ಗೆ ಹತ್ತೂವರೆಗೆ ಉಳಿದಿದ್ದ ಒಂದೇ ಜಾಗವನ್ನು ಫಾರಮಣ್ಣನ ಹೆಸರಿಗೆ ಬರೆದಿಟ್ಟಿದ್ದರು. ನಮಗೆಲ್ಲ ಗೆದ್ದೇಬಿಟ್ಟ ಸಂಭ್ರಮ. ದೊಡ್ಡಕ್ಕ ಸೀಸೆಯನ್ನು ತೊಳೆದು, ಒರೆಸಿ, ಅವತ್ತೇ ಹುರಿದ ಕಡಲೆಕಾಯಿ ತುಂಬಿ, ಫಾರಮಣ್ಣನ ಕೈಗೊಂದು ಹಿಡಿ ಹಾಕಿದಳು. "ನಿಮ್ಮ ಋಣ ಯಾವ ಜನ್ಮದಲ್ಲಿ ತೀರಿಸ್ಲಪ್ಪಾ," ಎಂದಳು. ಅವರು ಅದನ್ನು ತಿನ್ನಲಿಲ್ಲ. ಜೇಬಿಗೆ ಹಾಕಿಕೊಂಡರು.

ಸಂಜೆ ಆರಕ್ಕೆ ನಮ್ಮ ಮನೆಯ ಬಾಗಿಲು ಬಡಿದ ಸದ್ದು. ಫಾರಮಣ್ಣ. ಕಂಕುಳಲ್ಲಿ ಲಕೋಟೆ.

"ಮನೇಲಿ ಯಾರೂ ಹೆಚ್ಚಾಗಿಲ್ಲ ಅಣ್ಣಾ," ಎಂದೆ ಹೆದರಿ. "ಕಡಿಮೆನೂ ಆಗಿಲ್ಲ."

"ಗೊತ್ತು ತಾಯಿ. ಸುಮ್ನೆ ಬಂದೆ."

ಸುಮ್ಮನೆ ಬರುವ ಮನುಷ್ಯ ಅವರಲ್ಲ. ಐದು ವರ್ಷದ ಹಿಂದೆ ಹೆಸರಿಗಾಗಿ ಕಾದ ಅದೇ ಕುರ್ಚಿಯ ಅದೇ ತುದಿಯಲ್ಲಿ ಕೂತರು. ಅತ್ತೆ ಚಹಾ ಮತ್ತು ರಸ್ಕು ತಂದಿಟ್ಟರು. ಅವರು ರಸ್ಕನ್ನು ಚಹಾದಲ್ಲಿ ಅದ್ದಿ, ಅದು ಮುರಿದು ಬೀಳುವ ಹಂತಕ್ಕೆ ಬಂದ ಮೇಲೆ, ಬಲಗಡೆ ಬಾಯಿಗೆ ಇಟ್ಟುಕೊಂಡರು. ಮಗಳು ಆನೆಯನ್ನು ಹಿಡಿದು ಎದುರಿಗೇ ನಿಂತಿದ್ದಳು, ಎರಡು ತಿಂಗಳ ಹಳೆಯ ಪ್ರಶ್ನೆ ಮರೆತಿರಲಿಲ್ಲ.

"ಮಾವ, ನಿಮ್ಮ ಎಡಗಡೆ ಕೆನ್ನೆಗೆ ರಜೆನಾ?"

"ಪುಟ್ಟೀ!" ಎಂದೆ ನಾನು.

ಫಾರಮಣ್ಣ ನನ್ನ ಕಡೆ ನೋಡಿದರು, ಅತ್ತೆಯ ಕಡೆ ನೋಡಿದರು. ಮೂವತ್ತು ವರ್ಷ ಎಲ್ಲರ ಗುಟ್ಟನ್ನು ಕಪಾಟಿನಲ್ಲಿ ಮುಚ್ಚಿಟ್ಟವರು ತಮ್ಮದನ್ನು ಐದು ವರ್ಷದವಳ ಮುಂದೆ ಬಿಚ್ಚಿಟ್ಟರು.

"ಹೌದು ಪುಟ್ಟಿ. ಒಂಬತ್ತು ವರ್ಷದಿಂದ."

"ಅಷ್ಟು ರಜೆ ಯಾವ ಪುಟದಲ್ಲೂ ಇಲ್ಲ," ಎಂದಳು ಮಗಳು.

"ಇಲ್ಲ," ಎಂದು ಒಪ್ಪಿಕೊಂಡರು ಅವರು. ಆಮೇಲೆ ನನ್ನ ಕಡೆ ತಿರುಗಿ, ಚಹಾದ ಲೋಟದೊಳಗೆ ಮಾತಾಡುವವರ ಹಾಗೆ ಹೇಳಿದರು: "ಅಲ್ಲೊಂದು ಹಲ್ಲಿದೆ, ತಾಯಿ. ಅದಕ್ಕೆ ಬಿಸಿನೂ ಆಗಲ್ಲ, ತಂಪೂ ಆಗಲ್ಲ, ಗಾಳಿನೂ ಆಗಲ್ಲ. ಡಾಕ್ಟರಮ್ಮನ ಹತ್ರ ಹೋಗೋಕೆ ಹದಿನೆಂಟು ಮೆಟ್ಟಿಲು. ಒಂಬತ್ತು ವರ್ಷದಲ್ಲಿ ಆರು ಸಲ ಹೋಗಿದ್ದೀನಿ. ಹನ್ನೊಂದನೇ ಮೆಟ್ಟಿಲಿನ ಆಚೆ ಏನಿದೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಅಲ್ಲಿಗೆ ಆ ಯಂತ್ರದ ಸದ್ದು ಕೇಳತ್ತೆ ನೋಡಿ. ಕಾಲು ತಾನಾಗೇ ಇಳಿಯತ್ತೆ."

ಅತ್ತೆಗೆ ಹೆಸರಿನ ಸೋಲು ಇನ್ನೂ ನೆನಪಿದೆ. "ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅಂದ ಹಾಗಾಯ್ತಲ್ಲ," ಎಂದರು.

"ಬದನೆಕಾಯಿ ಮೆತ್ತಗಿರತ್ತಮ್ಮ," ಎಂದರು ಫಾರಮಣ್ಣ ದೀನರಾಗಿ. "ಅದನ್ನ ತಿನ್ನಬಹುದು."

ನನಗೆ ನಗು ತಡೆಯಲಾಗಲಿಲ್ಲ. ಆದರೆ ಕಣ್ಣೆದುರಿಗೆ ದೊಡ್ಡಕ್ಕನ ಸೀಸೆ ಬಂತು. "ಬೇರೆ ಯಾರನ್ನಾದ್ರೂ ಕಳಿಸೋಕೆ ಆಗಲ್ವಾ ಅಣ್ಣಾ?"

"ಇರೋದು ಒಂದೇ ಜಾಗ, ಅದಕ್ಕೆ ನನ್ನ ಹೆಸರು ಬರೆದಾಗಿದೆ. ಎಲ್ಲರೂ ರಜೆಗೆ ಊರೂರಿಗೆ ಹೊರಟಾಗಿದೆ. ಮೇಸ್ತ್ರಿ ಮುಂದೆ ಮಾತು ಕೊಟ್ಟಾಗಿದೆ. ಅದಕ್ಕಿಂತ ಹೆಚ್ಚಾಗಿ..." ಜೇಬಿನಿಂದ ಆ ಹಿಡಿ ಕಡಲೆಕಾಯಿ ತೆಗೆದು ತಟ್ಟೆಯ ಪಕ್ಕದಲ್ಲಿಟ್ಟರು. ಒಂದೂ ಕಡಿಮೆಯಾಗಿರಲಿಲ್ಲ. "ಆಯಮ್ಮ ಇದನ್ನ ಕಚ್ಚಬೇಕು, ತಾಯಿ. ನಾನು ಹನ್ನೆರಡನೇ ಮೆಟ್ಟಿಲು ಹತ್ತಲೇಬೇಕು."

ಅತ್ತೆ ಇನ್ನೊಂದು ರಸ್ಕನ್ನು ಚಹಾದಲ್ಲಿ ಅದ್ದಿ, ಚೆನ್ನಾಗಿ ಮೆತ್ತಗೆ ಮಾಡಿ, ಅವರ ತಟ್ಟೆಗೆ ಇಟ್ಟರು.

ಆಗ ಅವರು ಲಕೋಟೆ ತೆರೆದರು. ಒಳಗೊಂದು ಫಾರಂ. ಕಾರ್ಖಾನೆಯದಲ್ಲ, ಅವರೇ ಸ್ಕೇಲಿಟ್ಟು ಗೆರೆ ಎಳೆದು ಚೌಕ ಹಾಕಿದ್ದು. ಮೇಲೆ ದುಂಡಗಿನ ಅಕ್ಷರದಲ್ಲಿ ಬರೆದಿತ್ತು: ಅವಲಂಬಿತರೊಬ್ಬರನ್ನು ಒಂದು ಗಂಟೆಯ ಮಟ್ಟಿಗೆ ಎರವಲು ಪಡೆಯಲು ಅರ್ಜಿ. ಎರವಲು ಪಡೆಯುವವರ ಹೆಸರು ತುಂಬಿತ್ತು. ಅವಲಂಬಿತರ ಹೆಸರಿನ ಜಾಗದಲ್ಲಿ ನನ್ನ ಮಗಳ ಹೆಸರು, ಚೌಕಗಳ ಒಳಗೆ ಅಚ್ಚುಕಟ್ಟಾಗಿ, ಒಂದೂ ಚೌಕ ದಾಟದೆ. ಸಮಯ, ಬೆಳಿಗ್ಗೆ ಹತ್ತೂಕಾಲು. ಕಾರಣ ಎಂಬ ಕಾಲಮ್ಮಿನಲ್ಲಿ ಏನೋ ಬರೆದು ಹೊಡೆದು ಹಾಕಿದ್ದರು, ಮತ್ತೆ ಬರೆದು ಹೊಡೆದು ಹಾಕಿದ್ದರು, ಕೊನೆಗೆ ಸಣ್ಣದಾಗಿ ಬರೆದಿದ್ದರು: ಮೀನು ಎಣಿಸಲು.

"ಇಲ್ಲಿ ಪೋಷಕರ ಸಹಿ," ಎಂದು ಪೆನ್ನಿನ ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟರು. "ಮೇಸ್ತ್ರಿಗೆ ಮಾತ್ರ ಗೊತ್ತಾಗಬಾರದು. ಮತ್ತೆ ಇನ್ನೊಂದೇ ಒಂದು ಉಪಕಾರ, ತಾಯಿ. ನಾಳೆ ಬೆಳಿಗ್ಗೆ ಆನೆಯನ್ನ ಎಡಗೈಯಲ್ಲಿ ಹಿಡ್ಕೊಳ್ಳೋಕೆ ಹೇಳಿ. ಬಲಗೈ ನನಗೆ ಬೇಕಾಗತ್ತೆ."